ನಿಮಗಿದು ಗೊತ್ತೆ? ದೇವರಿಂದಾಚೆಗಿನ ದೈವ

ನಿರ್ಗುಣ ತತ್ತ್ವ ವೇದಾಂತದ ಸೊತ್ತು ಮಾತ್ರವೇ? ಜರ್ಮನಿಯ ಡೊಮಿನಿಕನ್ ಸನ್ಯಾಸಿ ಮೈಸ್ಟರ್ ಎಕ್‌ಹಾರ್ಟ್ (ಸು. 1260–1328), ಸೃಷ್ಟಿಸುವ, ಕರುಣಿಸುವ ದೇವರಿಂದಾಚೆಗೆ ಹೆಸರು, ರೂಪ, ಕ್ರಿಯೆ ಯಾವುದೂ ಅಂಟದ ಪರತತ್ತ್ವವಿದೆ ಎಂದು ಬೋಧಿಸಿದರು, ಅದೂ ಪಂಡಿತರ ಲ್ಯಾಟಿನ್ನಿನಲ್ಲಷ್ಟೇ ಅಲ್ಲ, ಜನರಾಡುವ ಜರ್ಮನ್ನಿನಲ್ಲೂ. ಅವರು ತೀರಿಕೊಂಡ ಮೇಲೆ, 1329ರಲ್ಲಿ, ಅವರವೆನ್ನಲಾದ 28 ಹೇಳಿಕೆಗಳನ್ನು ಪೋಪ್ 22ನೇ ಜಾನ್ ಖಂಡಿಸಿದರು. ಗುಣವೇ ಇಲ್ಲದ ದೈವಕ್ಕೆ ಭಕ್ತಿ ಸಲ್ಲುವುದು ಹೇಗೆ ಎಂಬ ಆಕ್ಷೇಪ ಸಹಜ, ಗಂಭೀರವೂ ಹೌದು. ಆದರೆ ಎಕ್‌ಹಾರ್ಟ್ ಕೊನೆಯವರೆಗೂ ಕ್ರೈಸ್ತ ಸನ್ಯಾಸಿಯಾಗಿಯೇ ಉಳಿದರು. ನಿರ್ಗುಣ ಬ್ರಹ್ಮವೇ ಪರಮಸತ್ಯವೆಂದ ಶಂಕರರೂ ಸಗುಣೋಪಾಸನೆಯನ್ನು ತಳ್ಳಿಹಾಕಲಿಲ್ಲ. ದೈವವನ್ನು ನಮ್ಮ ಕಲ್ಪನೆಯ ಅಳತೆಗೆ ಇಳಿಸುವುದನ್ನಷ್ಟೇ ಇಬ್ಬರೂ ಒಪ್ಪಲಿಲ್ಲ ಎನ್ನುವುದು ನ್ಯಾಯವಾದ ಓದು. ಈ ಇಬ್ಬರನ್ನು ಜತೆಗಿಟ್ಟು ಜರ್ಮನ್ ವಿದ್ವಾಂಸ ರುಡಾಲ್ಫ್ ಓಟೊ 1926ರಲ್ಲಿ ಪುಸ್ತಕವನ್ನೇ ಬರೆದರು. ಸಾಮ್ಯದ ಜತೆ ಭೇದಗಳನ್ನೂ ಅವರು ಗುರುತಿಸಿದ್ದಾರೆ.