ವಾರ್ಡಿನ ಗ್ರೂಪಿಗೆ ಯಾವ ಮೆಸೇಜಿಂಗ್ ಆ್ಯಪ್ ಒಳ್ಳೆಯದು?



ನಮ್ಮ ಕರಾವಳಿಯಿಂದ ಉದ್ಯೋಗಕ್ಕಾಗಿ ಹೋಗಿ ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಕಡೆ ನೆಲೆಸಿರುವ ಕುಟುಂಬಗಳು ಹಲವು. ಇತ್ತೀಚೆಗೆ ಅಂಥ ಕೆಲವು ಮನೆಗಳಿಗೆ ಭೇಟಿಯಿತ್ತಾಗ, ವಿಜಯನಗರದಲ್ಲಿ ವಾರ್ಡಿನ ಕೆಲಸ ನೋಡಿಕೊಳ್ಳುವ ಹಿರಿಯರೊಬ್ಬರು ನಮ್ಮನ್ನು ಕೇಳಿದರು: "ಫಾದರ್, ವಾಟ್ಸಾಪ್ ಬಿಟ್ಟು ಬೇರೆ ಆ್ಯಪ್‌ಗೆ ಹೋಗುವ ಅಂತ ನಮ್ಮ ಯುವಕರು ಹೇಳ್ತಾರೆ. ಯಾವುದು ಒಳ್ಳೆಯದು, ನೀವೇ ಹೇಳಿ."

ಆ ಪ್ರಶ್ನೆಯ ಹಿಂದೆ ಒಂದು ಘಟನೆಯಿತ್ತು. ವಾರ್ಡಿನ ಯುವಕನೊಬ್ಬನಿಗೆ ಗಂಭೀರ ಕಾಯಿಲೆ ಇದೆಯೆಂದು ತಿಳಿದಾಗ, ಯಾರೋ ಸದುದ್ದೇಶದಿಂದಲೇ ಅವನ ಆಸ್ಪತ್ರೆಯ ವರದಿಯ ಫೋಟೊವನ್ನು 'ಪ್ರಾರ್ಥಿಸಿರಿ' ಎಂದು ಬರೆದು ಗ್ರೂಪಿಗೆ ಹಾಕಿದರು. ಅದು ಗ್ರೂಪಿನಿಂದ ಗ್ರೂಪಿಗೆ ಸಾಗಿ ಅದೇ ದಿನ ಸಂಜೆ ಊರಿನ ಚರ್ಚಿನ ಗ್ರೂಪನ್ನು ತಲುಪಿತು. ಮಗ ಇನ್ನೂ ಬಾಯಿಬಿಟ್ಟು ಹೇಳದೇ ಇದ್ದ ವಿಷಯವನ್ನು ತಾಯಿ ನೆರೆಮನೆಯವರಿಂದ ಕೇಳಬೇಕಾಯಿತು.

ಊರಿನಲ್ಲಾದರೆ ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿಯೇ ಅರ್ಧ ಸುದ್ದಿ ವಿನಿಮಯವಾಗುತ್ತದೆ. ಬೆಂಗಳೂರಿನಲ್ಲಿ ಹಾಗಲ್ಲ. 2021ರ ಆಗಸ್ಟ್‌ನಲ್ಲಿ ಕೆಂಗೇರಿಯವರೆಗೆ ಮೆಟ್ರೊ ಬಂದ ಮೇಲೆ ಕೆಲವರಿಗೆ ಓಡಾಟ ಸುಲಭವಾಗಿದೆ, ಆದರೂ ಕೊಂಕಣಿ ಪೂಜೆಯ ಸಮಯ ಬದಲಾದರೆ, ವಾರ್ಡಿನ ಕೂಟ ಯಾರ ಮನೆಯಲ್ಲಿ ಎಂದು ತಿಳಿಯಬೇಕಾದರೆ, ಮೊಬೈಲನ್ನೇ ನೋಡಬೇಕು. ಆದುದರಿಂದ ಆ್ಯಪ್ ಯಾವುದು ಎಂಬುದು ಅವರಿಗೆ ಸಣ್ಣ ಪ್ರಶ್ನೆಯಲ್ಲ.

ಮೊದಲು ಒಂದು ಶಬ್ದದ ಅರ್ಥ ತಿಳಿಯೋಣ. 'ಎಂಡ್ ಟು ಎಂಡ್ ಎನ್‌ಕ್ರಿಪ್ಶನ್' ಎಂದರೆ ಕಳುಹಿಸಿದವರ ಮತ್ತು ಪಡೆದವರ ಮೊಬೈಲಿನಲ್ಲಿ ಮಾತ್ರ ಸಂದೇಶವನ್ನು ಓದಬಹುದು, ನಡುವೆ ಸಾಗಿಸುವ ಕಂಪನಿಯೂ ಓದಲಾರದು. ಅಂಚೆ ಕಾರ್ಡಿಗೂ ಅಂಟಿಸಿದ ಲಕೋಟೆಗೂ ಇರುವ ವ್ಯತ್ಯಾಸದಂತೆ. ಆದರೆ ಲಕೋಟೆಯ ಮೇಲಿನ ವಿಳಾಸ ಅಂಚೆಯವನಿಗೆ ಕಾಣುವ ಹಾಗೆ, ಯಾರು ಯಾರಿಗೆ ಯಾವಾಗ ಬರೆದರು ಎಂಬುದು ಕಂಪನಿಗೆ ತಿಳಿಯಬಹುದು.

ವಾಟ್ಸಾಪ್‌ನಲ್ಲಿ ಈ ಭದ್ರತೆ 2016ರಿಂದ ಎಲ್ಲರಿಗೂ ಇದೆ. 2021ರ ಜನವರಿಯಲ್ಲಿ ಅದರ ಗೌಪ್ಯತಾ ನೀತಿ ಬದಲಾದಾಗ ಅನೇಕರು ಗಾಬರಿಗೊಂಡರು. ಆಗ ಬದಲಾದದ್ದು ಸಂದೇಶಗಳ ಬೀಗವಲ್ಲ, ಬಳಕೆದಾರರ ಇತರ ಮಾಹಿತಿಯನ್ನು ಫೇಸ್‌ಬುಕ್ ಬಳಗದೊಂದಿಗೆ ಹಂಚುವ ರೀತಿ. ಅದೇ ವಿಷಯಕ್ಕೆ ಭಾರತೀಯ ಸ್ಪರ್ಧಾ ಆಯೋಗವು 2024ರ ನವೆಂಬರ್‌ನಲ್ಲಿ 213.14 ಕೋಟಿ ರೂಪಾಯಿ ದಂಡ ವಿಧಿಸಿತು. ಕಂಪನಿ ಮೇಲ್ಮನವಿ ಸಲ್ಲಿಸಿತು.

ಸಿಗ್ನಲ್ ಲಾಭದ ಉದ್ದೇಶವಿಲ್ಲದ ಸಂಸ್ಥೆಯದ್ದು. ಸಿಗ್ನಲ್ ಫೌಂಡೇಶನನ್ನು 2018ರಲ್ಲಿ ಆರಂಭಿಸಿದ ಇಬ್ಬರಲ್ಲಿ ಒಬ್ಬರಾದ ಬ್ರಿಯಾನ್ ಆ್ಯಕ್ಟನ್, ವಾಟ್ಸಾಪ್ ಕಟ್ಟಿದವರಲ್ಲಿಯೂ ಒಬ್ಬರು. ಬಳಕೆದಾರರ ಬಗ್ಗೆ ಅತ್ಯಂತ ಕಡಿಮೆ ಮಾಹಿತಿ ಇಟ್ಟುಕೊಳ್ಳುವ ಆ್ಯಪ್ ಇದು. 2024ರಿಂದ ನಮ್ಮ ನಂಬರ್ ಇತರರಿಗೆ ಕಾಣದಂತೆ ಇಟ್ಟು, ಹೆಸರಿನಿಂದಲೇ ಸಂಪರ್ಕಿಸುವ ವ್ಯವಸ್ಥೆಯೂ ಅದರಲ್ಲಿದೆ. ಇದರ ತೊಂದರೆ ಒಂದೇ: ನಮ್ಮ ಅಜ್ಜಿ, ಅಂಕಲ್, ಆಂಟಿಯವರು ಅಲ್ಲಿಲ್ಲ.

ಟೆಲಿಗ್ರಾಮ್ ಅತ್ಯಂತ ಸುರಕ್ಷಿತ ಎಂಬ ಮಾತು ನಮ್ಮ ಯುವಜನರಲ್ಲಿದೆ. ಅದು ಸರಿಯಲ್ಲ. ಅದರಲ್ಲಿ ಇಬ್ಬರ ನಡುವಿನ 'ಸೀಕ್ರೆಟ್ ಚಾಟ್'ಗೆ ಮಾತ್ರ ನಾವು ಮೇಲೆ ಹೇಳಿದ ಲಕೋಟೆ ಇದೆ, ಗ್ರೂಪಿನ ಸಂದೇಶಗಳಿಗೆ ಇಲ್ಲ. ಗಾಯನ ಮಂಡಳಿಯವರು ಹಾಡಿನ ರೆಕಾರ್ಡಿಂಗ್ ಹಂಚಲು ಅದನ್ನು ಬಳಸುವುದಾದರೆ ಅಡ್ಡಿಯಿಲ್ಲ, ಮೊಬೈಲಿನ ಜಾಗವೂ ಉಳಿಯುತ್ತದೆ.

ನಮ್ಮ ದೇಶದ ಜೋಹೋ ಕಂಪನಿಯ 'ಅರಟ್ಟೈ' 2025ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಬಹಳ ಸುದ್ದಿ ಮಾಡಿತು. ಹೆಸರು ತಮಿಳಿನದು, ಅರ್ಥ ನಮ್ಮ 'ಹರಟೆ'ಯೇ. ಆ ಸಮಯದಲ್ಲಿ ಅದರ ಕರೆಗಳಿಗೆ ಪೂರ್ಣ ಭದ್ರತೆ ಇತ್ತು, ಬರೆದ ಸಂದೇಶಗಳಿಗೆ ಇರಲಿಲ್ಲ, ಅದನ್ನೂ ತರುವುದಾಗಿ ಕಂಪನಿ ಹೇಳಿತು. ಸ್ವದೇಶಿ ಎಂಬ ಅಭಿಮಾನ ಒಳ್ಳೆಯದೇ, ಆದರೆ ಖಾಸಗಿ ವಿಷಯ ಬರೆಯುವ ಮೊದಲು ನಿಮ್ಮ ಚಾಟ್‌ಗೆ ಆ ಭದ್ರತೆ ಬಂದಿದೆಯೇ ಎಂದು ನೋಡಿಕೊಳ್ಳಿರಿ.

ಈಗ ವಿಜಯನಗರದ ಘಟನೆಗೆ ಮರಳೋಣ. ಆ ಯುವಕನ ವರದಿ ಹರಡಿದ್ದು ಲಕೋಟೆಯ ಭದ್ರತೆ ಇದ್ದ ಆ್ಯಪ್‌ನಲ್ಲಿಯೇ. ಅದನ್ನು ಹೊರಗೆ ದಾಟಿಸಿದ್ದು ಕಂಪನಿಯಲ್ಲ, ಒಳಗಿದ್ದ ನಾವೇ. ಸಿಗ್ನಲ್‌ಗೆ ಹೋದರೂ ಫಾರ್ವರ್ಡ್ ಮಾಡುವ ಬೆರಳು ಅದೇ ಇರುತ್ತದೆ. ಧರ್ಮಸಭೆಯ ಕಾನೂನು ಸಂಹಿತೆಯ 220ನೇ ವಿಧಿಯು ಯಾವುದೇ ವ್ಯಕ್ತಿಯ ಒಳ್ಳೆಯ ಹೆಸರಿಗೆ ಅನ್ಯಾಯವಾಗಿ ಹಾನಿ ಮಾಡಬಾರದು, ಅವನ ಖಾಸಗಿತನದ ಹಕ್ಕನ್ನು ಉಲ್ಲಂಘಿಸಬಾರದು ಎನ್ನುತ್ತದೆ. ರೋಗಿಯ ಹೆಸರು, ಸಹಾಯ ಪಡೆಯುವ ಕುಟುಂಬದ ಫೋಟೊ, ಮದುವೆಯ ಜಗಳ, ಇವೆಲ್ಲ ಆ ವಿಧಿಯೊಳಗೇ ಬರುತ್ತವೆ ಎಂದು ನಮ್ಮ ಅಭಿಪ್ರಾಯ.

ಹಾಗಾಗಿ ಆ ಹಿರಿಯರಿಗೆ ನಾವು ಹೇಳಿದ್ದು ಇಷ್ಟು: ಪ್ರಕಟಣೆಗಳಿಗೆ ಎಲ್ಲರೂ ಇರುವ ವಾಟ್ಸಾಪ್ ಸಾಕು. ಆದರೆ ಸೆಟ್ಟಿಂಗ್‌ನಲ್ಲಿ ಅಡ್ಮಿನ್‌ಗಳು ಮಾತ್ರ ಸಂದೇಶ ಹಾಕುವಂತೆ ಮಾಡಿ, ಅಡ್ಮಿನ್ ಇಬ್ಬರಾದರೂ ಇರಲಿ. ಮಹಿಳೆಯರ ನಂಬರ್ ಎಲ್ಲರಿಗೂ ಕಾಣುವುದು ಬೇಡವೆಂದಾದರೆ 'ಚಾನೆಲ್' ಮಾಡಬಹುದು, ಅದರಲ್ಲಿ ಓದುಗರ ನಂಬರ್ ಇತರ ಓದುಗರಿಗೆ ಕಾಣುವುದಿಲ್ಲ. ಚಾನೆಲ್‌ಗೆ ಲಕೋಟೆಯ ಭದ್ರತೆ ಇಲ್ಲವಾದರೂ ಪೂಜೆಯ ಸಮಯಕ್ಕೆ ಅದು ಬೇಕಾಗಿಯೂ ಇಲ್ಲ. ರೋಗಿಗಳ, ಬಡವರ ವಿಷಯಕ್ಕೆ ಧರ್ಮಗುರುಗಳು ಮತ್ತು ಇಬ್ಬರು ಮೂವರು ಜವಾಬ್ದಾರರು ಮಾತ್ರ ಸಿಗ್ನಲ್‌ನಲ್ಲಿ ಇರಲಿ, ಸಂದೇಶಗಳು ಒಂದು ವಾರದಲ್ಲಿ ತಾನಾಗಿ ಅಳಿಯುವಂತೆ ಇಡಿ. ಪ್ರಾರ್ಥನೆಗೆ ಹೆಸರು ಹಾಕಬೇಕಾದರೆ ಮೊದಲು ಮನೆಯವರನ್ನು ಕೇಳಿ. ವರದಿಯ ಫೋಟೊ ಯಾವ ಗ್ರೂಪಿಗೂ ಬೇಡ.

ಕ್ರೈಸ್ತ ಶಿಕ್ಷಣದ ತರಗತಿಗಳಿಗೆ ಗ್ರೂಪ್ ಮಾಡುವುದಿದ್ದರೆ ಅದರಲ್ಲಿ ಹೆತ್ತವರು ಇರಬೇಕು. ಶಿಕ್ಷಕರು ಮಗುವಿಗೆ ಪ್ರತ್ಯೇಕವಾಗಿ ಸಂದೇಶ ಕಳುಹಿಸುವ ಅಭ್ಯಾಸ ಯಾವ ಆ್ಯಪ್‌ನಲ್ಲಿಯೂ ಸರಿಯಲ್ಲ.

ಪಾಪನಿವೇದನೆಯನ್ನು ಬರೆದು ಕಳುಹಿಸಬಹುದೇ ಎಂದೂ ಒಬ್ಬರು ಕೇಳಿದರು. ಸಾಧ್ಯವಿಲ್ಲ. ಅಂತರ್ಜಾಲದಲ್ಲಿ ಸಂಸ್ಕಾರಗಳಿಲ್ಲ ಎಂದು ವ್ಯಾಟಿಕನ್ನಿನ ಸಾಮಾಜಿಕ ಸಂಪರ್ಕ ಪರಿಷತ್ತು 2002ರ ಫೆಬ್ರವರಿಯಲ್ಲಿಯೇ ಸ್ಪಷ್ಟವಾಗಿ ಹೇಳಿದೆ. ಸಮಯ ನಿಗದಿ ಮಾಡಲು ಮೆಸೇಜ್ ಕಳುಹಿಸಿರಿ, ನಿವೇದನೆಗೆ ಖುದ್ದಾಗಿ ಬನ್ನಿರಿ.

ಇನ್ನೊಂದು ಎಚ್ಚರಿಕೆ. ಧರ್ಮಗುರುಗಳ ಫೋಟೊ ಹಾಕಿಕೊಂಡು 'ತುರ್ತಾಗಿ ಹಣ ಬೇಕು' ಎಂದು ಅಪರಿಚಿತ ನಂಬರಿನಿಂದ ಸಂದೇಶ ಬಂದರೆ ಮೊದಲು ಚರ್ಚಿಗೆ ಫೋನ್ ಮಾಡಿ ವಿಚಾರಿಸಿರಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿರಿ. ವಾಟ್ಸಾಪ್‌ನಲ್ಲಿ 'ಟು ಸ್ಟೆಪ್ ವೆರಿಫಿಕೇಶನ್' ಎಂಬಲ್ಲಿ ಆರು ಅಂಕೆಗಳ ಪಿನ್ ಇಟ್ಟುಕೊಳ್ಳಿರಿ. ನಮ್ಮ ಧರ್ಮಗುರುಗಳಲ್ಲಿಯೇ ಎಷ್ಟು ಮಂದಿ ಇದನ್ನು ಇಟ್ಟಿದ್ದಾರೆಂದು ಕೇಳಿದರೆ ಉತ್ತರ ಅಷ್ಟು ಸಂತೋಷದ್ದಾಗಿರಲಾರದು.

ಮೊನ್ನೆ ಆ ಹಿರಿಯರು ಫೋನ್ ಮಾಡಿದ್ದರು. ಗ್ರೂಪ್ ವಾಟ್ಸಾಪ್‌ನಲ್ಲಿಯೇ ಉಳಿದಿದೆ, ಈಗ ಅಡ್ಮಿನ್‌ಗಳು ಮಾತ್ರ ಬರೆಯುತ್ತಾರೆ. ವರದಿ ಹಾಕಿದವರು ಯುವಕನ ಮನೆಗೆ ಹೋಗಿ ಕ್ಷಮೆ ಕೇಳಿದರಂತೆ. ಬಟನ್ ಮೊಬೈಲ್ ಇರುವ ವಾರ್ಡಿನ ನಾಲ್ವರು ಹಿರಿಯರಿಗೆ ಅವರು ಪ್ರತಿ ಶನಿವಾರ ಸಂಜೆ ತಾವೇ ಕರೆ ಮಾಡಿ ಪೂಜೆಯ ಸಮಯ ತಿಳಿಸುತ್ತಿದ್ದಾರೆ.