ಪುಕ್ಕಟೆ ಸಿಕ್ಕಿದ್ದಕ್ಕೂ ಹಕ್ಕುದಾರರಿದ್ದಾರೆ

ದುಡ್ಡು ಕೇಳದವರ ಮಾಲಿಗೆ ಯಜಮಾನರಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ರಾಜ್ಯೋತ್ಸವ ಹತ್ತಿರ ಬಂತೆಂದರೆ ಶಿವಮೊಗ್ಗ, ಭದ್ರಾವತಿಗಳಲ್ಲಿ ಸ್ಮರಣ ಸಂಚಿಕೆ, ಕರಪತ್ರ, ಫ್ಲೆಕ್ಸ್‌ಗಳ ಕೆಲಸ ಜೋರಾಗುತ್ತದೆ. ಯಾವುದೋ ಟ್ರಸ್ಟಿನ ಲೇಖನ, ಇನ್ನಾವುದೋ ಸಂಘದ ಸಂಗ್ರಹದ ಹಳೆಯ ಫೋಟೊ ಸೀದಾ ಪ್ರೆಸ್ಸಿಗೆ ಹೋಗುತ್ತವೆ. ಕೇಳಿದರೆ, ‘ಅವರೇನು ಮಾರ್ತಾರಾ? ಸೇವಾ ಸಂಸ್ಥೆ ತಾನೇ’ ಎಂಬ ಉತ್ತರ. ಇದರಲ್ಲಿ ಕೆಟ್ಟ ಉದ್ದೇಶವೇನೂ ಇಲ್ಲ. ಆದರೆ ಓದಲು ಪುಕ್ಕಟೆ ಕೊಟ್ಟವರು ಅಚ್ಚು ಹಾಕಿ ಹಂಚಲೂ ಕೊಟ್ಟರು ಎಂದಾಗುವುದಿಲ್ಲ.

1957ರ ಕೃತಿಸ್ವಾಮ್ಯ ಕಾಯ್ದೆ, ಬರೆದವರು ಲಾಭಕ್ಕೆ ಬರೆದರೋ ಸೇವೆಗೆ ಬರೆದರೋ ಎಂದು ನೋಡುವುದೇ ಇಲ್ಲ. ಬರೆದಾಗಲೇ, ಫೋಟೊ ತೆಗೆದಾಗಲೇ ಹಕ್ಕು ಹುಟ್ಟುತ್ತದೆ. ನೋಂದಣಿ ಕಡ್ಡಾಯವಲ್ಲ, ‘ಹಕ್ಕುಗಳನ್ನು ಕಾಯ್ದಿರಿಸಿದೆ’ ಎಂಬ ಸಾಲು ಇಲ್ಲದಿದ್ದರೂ ಹಕ್ಕು ಇರುತ್ತದೆ.

‘ನಮ್ಮ ಜಿಲ್ಲೆಯ ಕವಿ, ನಮ್ಮದೇ ಆಸ್ತಿ’ ಎಂಬ ಅಭಿಮಾನದ ಮಾತು ಇನ್ನೊಂದು. ಅಭಿಮಾನ ಸರಿ, ಲೆಕ್ಕ ಬೇರೆ. ಲೇಖಕರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ ಕೃತಿಸ್ವಾಮ್ಯ ಉಳಿಯುತ್ತದೆ. ಕುವೆಂಪು ನಿಧನರಾದದ್ದು 1994ರ ನವೆಂಬರ್ 11ರಂದು; ಅವರ ಜೀವಿತಕಾಲದಲ್ಲಿ ಪ್ರಕಟವಾದ ಕೃತಿಗಳ ಹಕ್ಕು 2054ರ ಕೊನೆಯವರೆಗೂ ಇರುತ್ತದೆ. ಕುಮಾರವ್ಯಾಸನ ಪದ್ಯಕ್ಕೆ ಇಂಥ ಹಕ್ಕುದಾರರು ಯಾರೂ ಇಲ್ಲ. ಆದರೆ ತುಂಗೆಯ ದಡದ ಹೊಸಹಳ್ಳಿಯ ಗಮಕಿಯೊಬ್ಬರು ಅದೇ ಪದ್ಯವನ್ನು ವಾಚಿಸಿದ ಧ್ವನಿಮುದ್ರಣಕ್ಕೆ ಹಕ್ಕಿದೆ. ವಾಚಿಸಿದವರಿಗೂ ಇದೆ, ಮುದ್ರಿಸಿ ಹೊರತಂದವರಿಗೂ ಇದೆ.

‘ನಾವೂ ಲಾಭ ಮಾಡ್ತಿಲ್ಲವಲ್ಲ, ಹಾಗಿದ್ದಮೇಲೆ ತಪ್ಪೇನು?’ ಎಂಬ ಪ್ರಶ್ನೆಗೆ ನಮ್ಮ ರಾಜ್ಯದ್ದೇ ಒಂದು ಮೊಕದ್ದಮೆ ಉತ್ತರ ಕೊಟ್ಟಿದೆ. ಶಿವರಾಮ ಕಾರಂತರು 1997ರಲ್ಲಿ ತೀರಿಕೊಂಡಾಗ ಅವರ ಕೃತಿಗಳ ಹಕ್ಕು ಉಯಿಲಿನ ಮೂಲಕ ಬಿ. ಮಾಲಿನಿ ಮಲ್ಯ ಅವರಿಗೆ ಬಂದಿತ್ತು. 2001ರಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್, ಕಾರಂತರು ರೂಪಿಸಿದ ಯಕ್ಷಗಾನ ಬ್ಯಾಲೆಯನ್ನು ಅನುಮತಿಯಿಲ್ಲದೆ ದೆಹಲಿಯಲ್ಲಿ ಆಡಿಸಿತು. ಸಂಸ್ಥೆ ವ್ಯಾಪಾರಿಯಲ್ಲ, ಶಿಕ್ಷಣ ಸಂಸ್ಥೆ. ಆದರೂ ಉಡುಪಿಯ ಜಿಲ್ಲಾ ನ್ಯಾಯಾಲಯ ಮಲ್ಯ ಅವರ ಪರ ತಡೆಯಾಜ್ಞೆ ಕೊಟ್ಟಿತು, ಹೈಕೋರ್ಟೂ ಒಪ್ಪಿತು. 2009ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆಯಾಜ್ಞೆಯನ್ನು ತೆಗೆದುಹಾಕಲಿಲ್ಲ. ಅದಕ್ಕೊಂದು ಗಡಿ ಹಾಕಿತು. ಕಾಯ್ದೆಯ 52ನೇ ಕಲಂ ಒಪ್ಪುವ ರೀತಿಯಲ್ಲಿ, ಅಂದರೆ ಪಾಠದ ಭಾಗವಾಗಿ, ಅಥವಾ ಹವ್ಯಾಸಿ ಸಂಘವಾಗಿ ಟಿಕೆಟ್ ಇಲ್ಲದ ಪ್ರೇಕ್ಷಕರ ಮುಂದೆ ಆಡಿದರೆ ತಡೆಯಾಜ್ಞೆ ಅನ್ವಯಿಸದು ಎಂದಿತು. ಈ ತೀರ್ಪನ್ನು ನಮ್ಮ ಸಂಘಗಳ ಕಾರ್ಯದರ್ಶಿಗಳು ಗಮನವಿಟ್ಟು ಓದಬೇಕು. ಇಲ್ಲಿ ರಿಯಾಯಿತಿ ಸಿಗುವುದು ‘ಲಾಭರಹಿತ’ ಎಂಬ ಹಣೆಪಟ್ಟಿಗಲ್ಲ, ನಿರ್ದಿಷ್ಟ ಬಳಕೆಗೆ. ತಿಳಿದೂ ಹಕ್ಕು ಉಲ್ಲಂಘಿಸಿದರೆ 63ನೇ ಕಲಮಿನಡಿ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ವ್ಯಾಪಾರದ ಲಾಭಕ್ಕೆ ಮಾಡಿದ್ದಲ್ಲವೆಂದಾದರೆ ನ್ಯಾಯಾಲಯ ಕಾರಣ ದಾಖಲಿಸಿ ಶಿಕ್ಷೆ ಇಳಿಸಬಹುದು. ಶಿಕ್ಷೆ ಇಳಿದರೂ ತಪ್ಪು ತಪ್ಪೇ.

‘ಕೃಪೆ’ ಎಂದು ಕೆಳಗೆ ಸಣ್ಣಕ್ಷರದಲ್ಲಿ ಹಾಕಿದರೆ ಸಾಕೆನ್ನುವವರೂ ಇದ್ದಾರೆ. ಹೆಸರು ಹಾಕುವುದು ಋಣ ಒಪ್ಪಿಕೊಂಡಂತೆ. ಅಪ್ಪಣೆ ಪಡೆದಂತೆ ಅಲ್ಲ. ಎರಡೂ ಬೇಕು.

ಇಷ್ಟು ಹೇಳಿದ ಮೇಲೆ ಇನ್ನೊಂದು ಬದಿಯ ಭಯವನ್ನೂ ಬಿಡಿಸಬೇಕು, ಏಕೆಂದರೆ ಅದು ಕಲಿಯುವವರ ಕೈಕಟ್ಟುತ್ತದೆ. ಯಾವುದನ್ನು ಮುಟ್ಟಿದರೂ ಕೇಸು ಎಂದು ಹೆದರಬೇಕಾಗಿಲ್ಲ. ಸಂಗತಿಗಳಿಗೆ ಕೃತಿಸ್ವಾಮ್ಯವಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರುಮಾಡಿತು ಎಂಬುದು ಯಾರ ಸ್ವತ್ತೂ ಅಲ್ಲ. ಅದನ್ನು ಒಬ್ಬರು ಹೇಳಿದ ವಾಕ್ಯಗಳು ಮಾತ್ರ ಅವರವು. ನಿಮ್ಮ ಮಾತಿನಲ್ಲಿ ಬರೆಯಿರಿ, ಯಾರೂ ತಡೆಯರು. ಸ್ವಂತ ಅಧ್ಯಯನ, ವಿಮರ್ಶೆ, ಸುದ್ದಿಗೆ ನ್ಯಾಯವಾಗಿ ಬೇಕಾದಷ್ಟನ್ನು ಬಳಸಬಹುದು. ಪಾಠಕ್ಕೆ ಬೇಕಾದ ಅಧ್ಯಾಯಗಳ ಜೆರಾಕ್ಸ್ ಪ್ರಶ್ನಿಸಿ ದೊಡ್ಡ ಪ್ರಕಾಶಕರು ದೆಹಲಿ ವಿಶ್ವವಿದ್ಯಾಲಯ ಮತ್ತು ಅಲ್ಲಿನ ಜೆರಾಕ್ಸ್ ಅಂಗಡಿಯೊಂದರ ಮೇಲೆ ದಾವೆ ಹೂಡಿದ್ದರು. ಬೋಧನೆಗೆ ಅಗತ್ಯವಾದಷ್ಟು ನಕಲಿಗೆ ಕಾಯ್ದೆ ಅಡ್ಡಿಬರದು ಎಂಬ ನಿಲುವನ್ನು ದೆಹಲಿ ಹೈಕೋರ್ಟ್ 2016ರಲ್ಲಿ ತಳೆಯಿತು. ಮರುವರ್ಷ ಪ್ರಕಾಶಕರು ದಾವೆಯನ್ನೇ ಹಿಂತೆಗೆದುಕೊಂಡರು. ಶಂಕರಘಟ್ಟದಲ್ಲಾಗಲಿ ಸಹ್ಯಾದ್ರಿ ಕಾಲೇಜಿನಲ್ಲಾಗಲಿ ಓದುವ ಹುಡುಗರು ಇದನ್ನು ತಿಳಿದಿರಬೇಕು. ಇನ್ನು ಕನ್ನಡ ವಿಕಿಪೀಡಿಯದ ಬರಹವನ್ನಂತೂ ಮೂಲ ಹೇಳಿ, ಅದೇ ಷರತ್ತಿನಲ್ಲಿ ಮುಂದಕ್ಕೆ ಕೊಡುವುದಾದರೆ, ಮಾರುವ ಪುಸ್ತಕಕ್ಕೂ ಬಳಸಬಹುದು.

ನನ್ನನ್ನು ಹೆಚ್ಚು ಕಾಡುವುದು ಹಕ್ಕಿನ ಪ್ರಶ್ನೆಗಿಂತ ಹೊಣೆಯ ಪ್ರಶ್ನೆ. ‘ತಪ್ಪಿದ್ದರೆ ಮೂಲ ಸಂಸ್ಥೆಯವರು ನೋಡಿಕೊಳ್ತಾರೆ, ನಾವು ಹಂಚಿದವರಷ್ಟೇ’ ಎನ್ನುತ್ತಾರೆ. ಮಂಗನ ಕಾಯಿಲೆಯನ್ನೇ ತೆಗೆದುಕೊಳ್ಳಿ. 1957ರಲ್ಲಿ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾಗಿ, ಆ ಊರಿನ ಹೆಸರಿನಲ್ಲೇ ಜಗತ್ತಿಗೆ ಪರಿಚಯವಾದ ರೋಗ ಇದು. ಬೇಸಿಗೆ ಬಂದಾಗ ಸ್ವಯಂಸೇವಾ ಸಂಸ್ಥೆಗಳ ಹಳೆಯ ಕರಪತ್ರಗಳು ಮತ್ತೆ ಓಡಾಡುತ್ತವೆ, ತಾರೀಖು ಕತ್ತರಿಸಿಕೊಂಡು. ಅವುಗಳಲ್ಲಿ ಲಸಿಕೆ ಹಾಕಿಸಿಕೊಳ್ಳಿ ಎಂದಿರುತ್ತದೆ. ಆ ಹಳೆಯ ಲಸಿಕೆಯ ಬಳಕೆ 2022ರಲ್ಲೇ ನಿಂತಿದೆ. ಬರೆದ ದಿನ ಆ ಮಾತು ಸರಿಯಾಗಿತ್ತು. ತಾರೀಖು ಕಿತ್ತು ಇಂದು ಹಂಚಿದವರು ಅದನ್ನು ಸುಳ್ಳಾಗಿಸಿದರು. ಅದನ್ನು ನಂಬಿ ಕಾಡಿನಂಚಿನ ಮನೆಯವರು ಇಲ್ಲದ ಲಸಿಕೆಗೆ ಕಾಯುತ್ತ, ಉಣುಗಿನಿಂದ ಕಾಪಾಡಿಕೊಳ್ಳುವ ತೈಲ ಹಚ್ಚುವುದನ್ನು ಮರೆತರೆ? ‘ಈ ಮಾಹಿತಿ ವೈದ್ಯರ ಸಲಹೆಗೆ ಬದಲಿಯಲ್ಲ’ ಎಂದು ಮೂಲ ಸಂಸ್ಥೆ ಬರೆದುಕೊಂಡಿರಬಹುದು. ಅದು ಅವರ ಮತ್ತು ಅವರ ಓದುಗರ ನಡುವಿನ ಮಾತು. ಮರುಮುದ್ರಿಸಿದ ದಿನ ನೀವೇ ಪ್ರಕಾಶಕರು. ಮಾನಹಾನಿಯ ವಿಷಯದಲ್ಲೂ ಅಷ್ಟೇ. ‘ಅವರು ಹೇಳಿದ್ದನ್ನೇ ಹೇಳಿದೆ’ ಎಂಬುದು ರಕ್ಷಣೆಯಾಗದು.

ಮಕ್ಕಳ ಫೋಟೊಗಳ ಬಗ್ಗೆ ಕಾನೂನು ಇನ್ನೂ ಕಟ್ಟುನಿಟ್ಟು. ಪಾಲನೆ, ರಕ್ಷಣೆಯ ಅಗತ್ಯವಿರುವ ಮಗುವಿನ ಗುರುತು ತಿಳಿಯುವಂತೆ ಚಿತ್ರ, ಹೆಸರು, ಶಾಲೆಯ ವಿವರ ಪ್ರಕಟಿಸುವುದು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮಿನಡಿ ಅಪರಾಧ. ‘ಸಹಾಯ ಮಾಡಿ’ ಎಂಬ ಮನವಿಯ ಜೊತೆ ಹಾಕಿದರೂ ಅಷ್ಟೇ.

ಅನುಮತಿ ಕೇಳುವುದು ಕಷ್ಟದ ಕೆಲಸವೇನಲ್ಲ. ಯಾವ ಪುಟ ಅಥವಾ ಚಿತ್ರ ಬೇಕು, ಎಲ್ಲಿ ಬಳಸುತ್ತೀರಿ, ಎಷ್ಟು ಪ್ರತಿ, ಮಾರಾಟಕ್ಕೋ ಹಂಚಿಕೆಗೋ, ಇಷ್ಟು ಬರೆದು ಕಳಿಸಿ. ಫೋನಿನಲ್ಲಿ ‘ಆಯ್ತು ಬಿಡಿ’ ಎಂದದ್ದು ಸಾಲದು. ಕಾಯ್ದೆ ಪರವಾನಗಿಯನ್ನು ಬರಹದಲ್ಲಿ ಕೇಳುತ್ತದೆ. ಆರೋಗ್ಯದ ವಿಷಯವಾದರೆ, ಈ ಮಾಹಿತಿ ಈಗಲೂ ಸರಿಯೇ ಎಂದು ಅದೇ ಪತ್ರದಲ್ಲಿ ಕೇಳಿ. ಬಂದ ಉತ್ತರವನ್ನು ಸಂಘದ ಕಡತದಲ್ಲಿಡಿ. ಮುಂದಿನ ವರ್ಷ ಕಾರ್ಯದರ್ಶಿ ಬೇರೆಯವರಾಗಿರುತ್ತಾರೆ.