‘ಬೇಜಾರು’ ಅಂತ ಚೀನೀ ಭಾಷೆಯಲ್ಲಿ ಹೇಳೋದು ಹೇಗೆ?

“ಅಕ್ಕಾ, ಊಟ, ನೀರು, ಟಾಯ್ಲೆಟ್ ಎಲ್ಲಾ ಕಲಿತೆ. ಬೇಜಾರಾಗ್ತಿದೆ ಅಂತ ಹೇಗೆ ಹೇಳೋದು?”

ಪಕ್ಕದ ಮನೆಯ ಹುಡುಗ ಈ ಸೆಪ್ಟೆಂಬರಿಗೆ ಎಂಬಿಬಿಎಸ್ ಓದಲು ಚೀನಾಕ್ಕೆ ಹೊರಟಿದ್ದಾನೆ. ನಾನು ರಜೆಯಲ್ಲಿ ಮಾಣಿಗೆ ಬಂದಾಗಲೆಲ್ಲ ಸಂಜೆ ಪುಸ್ತಕ ಹಿಡಿದುಕೊಂಡು ನಮ್ಮ ಜಗಲಿಗೆ ಹಾಜರ್. ಆಚೆ ಮೂಲೆಯಲ್ಲಿ ಅಪ್ಪ ಅಡಿಕೆ ಸುಲಿಯುತ್ತಾ ಕೂತಿರುತ್ತಾರೆ. ನಮ್ಮ ಪಾಠ ಅವರಿಗೆ ಕೇಳಿಸುತ್ತದೋ ಇಲ್ಲವೋ ಗೊತ್ತಾಗುವುದಿಲ್ಲ.

ಹುಡುಗನ ಪ್ರಶ್ನೆ ಕೇಳಿ ನಗು ಬಂತು. ಆಮೇಲೆ ಅನಿಸಿತು, 2013ರಲ್ಲಿ ನಾನು ಹೊರಡುವಾಗ ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಹೊಳೆದಿದ್ದರೆ ಎಷ್ಟೋ ಅವಾಂತರ ತಪ್ಪುತ್ತಿತ್ತು.

ಮೊದಲು ಖುಷಿ, ಆಮೇಲೆ ಸಿಟ್ಟು

ಚೀನೀ ಭಾಷೆಗೆ ಎಚ್‌ಎಸ್‌ಕೆ ಎಂಬ ಪರೀಕ್ಷೆ ಇದೆ. ನಾನು ಬರೆಯುವಾಗ ಅದರ ಮೊದಲ ಹಂತಕ್ಕೆ 150 ಪದ ಗೊತ್ತಿದ್ದರೆ ಸಾಕಿತ್ತು. (2021ರಲ್ಲಿ ಹೊಸ ಮಾನದಂಡ ಬಂದು ಈಗ ಹಂತಗಳೇ 9 ಆಗಿವೆ.) ಆ 150ರಲ್ಲಿ ಖುಷಿ ಇತ್ತು, ಪ್ರೀತಿ ಇತ್ತು, ಇಷ್ಟ ಇತ್ತು. ಸಿಟ್ಟು, ಚಿಂತೆ, ಬೇಜಾರು ಬರುತ್ತಿದ್ದದ್ದು 600 ಪದಗಳ 3ನೇ ಹಂತಕ್ಕೆ. ಅಂದರೆ ಹೊಸಬರು ಮೊದಲ ಆರು ತಿಂಗಳು ಖುಷಿಯಾಗಿಯೇ ಇರಬೇಕು! ಹಾಸ್ಟೆಲಿನ ಮೊದಲ ಚಳಿಗಾಲದಲ್ಲಿ ಯಾರು ಕೇಳಿದರೂ ನನ್ನದು ಒಂದೇ ಉತ್ತರ: “ವೋ ಹನ್ ಕಾವ್‌ಶಿಂಗ್”, ನನಗೆ ಖುಷಿಯಾಗಿದೆ. ಬೇರೆ ಪದ ಗೊತ್ತಿರಲಿಲ್ಲ.

ಈ ಮೂರು ಪದಗಳ ವಾಕ್ಯದಲ್ಲೇ ಎಲ್ಲರೂ ಮೊದಲ ಸಲ ಎಡವುವುದು. ‘ವೋ’ ಅಂದರೆ ನಾನು, ‘ಕಾವ್‌ಶಿಂಗ್’ ಖುಷಿ. ನಡುವಿನ ‘ಹನ್’ಗೆ ಪುಸ್ತಕದಲ್ಲಿ ‘ತುಂಬಾ’ ಅಂತ ಅರ್ಥ ಕೊಟ್ಟಿರುತ್ತಾರೆ. ಹೆಚ್ಚಿನ ಸಲ ಅದಕ್ಕೆ ಅಷ್ಟು ತೂಕ ಇರುವುದಿಲ್ಲ, ವಾಕ್ಯ ನಿಲ್ಲಲು ಒಂದು ಊರುಗೋಲು ಅಷ್ಟೆ. ಅದನ್ನು ಬಿಟ್ಟರೆ ‘ನಾನೇನೋ ಖುಷಿಯಲ್ಲಿದ್ದೇನೆ, ಅವನು ಅಲ್ಲ’ ಎಂದು ಹೋಲಿಸಿದ ಹಾಗೆ ಕೇಳಿಸುತ್ತದೆ. ಇಂಗ್ಲಿಷಿನಿಂದ ಯೋಚಿಸುವವರು ‘ಆಮ್’ ಇರಬೇಕಲ್ಲ ಎಂದು ‘ಶ’ ಎಂಬ ಇನ್ನೊಂದು ಪದ ತುರುಕುತ್ತಾರೆ. ಅದು ಬೇಡ. ಕನ್ನಡದಲ್ಲಿ ‘ನನಗೆ ಖುಷಿ’ ಅಂದರೆ ವಾಕ್ಯ ಮುಗಿಯಲಿಲ್ಲವೇ? ಹಾಗೆಯೇ ಇದು.

‘ಆಯ್ತು’ ಗೊತ್ತಿದ್ದರೆ ಅರ್ಧ ಗೆದ್ದಂತೆ

ಇಂಗ್ಲಿಷ್ ಬಿಟ್ಟು ಕನ್ನಡದಿಂದ, ತುಳುವಿನಿಂದ ಯೋಚಿಸಲು ಶುರು ಮಾಡಿದ ಮೇಲೆ ನನಗೆ ಚೀನೀ ಭಾಷೆ ಸಲೀಸಾಯಿತು. ನಮಗೆ ಭಾವನೆಗಳು ನೆಂಟರ ಹಾಗೆ. ಅವು ಬರುತ್ತವೆ, ಆಗುತ್ತವೆ. ಸಿಟ್ಟು ಬಂತು, ಹಸಿವಾಯ್ತು, ಸುಸ್ತಾಯ್ತು. ಈಗ, ಈ ಕ್ಷಣ ಹಸಿದಿದ್ದರೂ ನಾವು ಹೇಳುವುದು ‘ಹಸಿವಾಯ್ತು’ ಅಂತಲೇ. ಚೀನೀ ಭಾಷೆಯಲ್ಲಿ ಈ ‘ಆಯ್ತು’ವಿನ ಕೆಲಸವನ್ನು ಕೊನೆಗೆ ಬರುವ ‘ಲ’ ಮಾಡುತ್ತದೆ. ವೋ ಅ ಲ: ಹಸಿವಾಯ್ತು. ವೋ ಲೇಯ್ ಲ: ಸುಸ್ತಾಯ್ತು. ವೋ ಶಂಗ್‌ಛಿ ಲ: ಸಿಟ್ಟು ಬಂತು. ಮೊದಲು ಹಾಗಿರಲಿಲ್ಲ, ಈಗ ಹಾಗಾಗಿದೆ ಎಂಬ ಬದಲಾವಣೆ ಆ ಒಂದಕ್ಷರದಲ್ಲಿದೆ. ತರಗತಿಯಲ್ಲಿ ಬೇರೆಯವರು ಈ ‘ಲ’ ಭೂತಕಾಲವೋ ವರ್ತಮಾನವೋ ಎಂದು ತಲೆಕೆಡಿಸಿಕೊಂಡಿದ್ದಾಗ ನಾನು ನೋಟ್ಸಿನಲ್ಲಿ ‘ಆಯ್ತು’ ಎಂದು ಬರೆದುಕೊಂಡು ಪೆನ್ ಮುಚ್ಚಿದ್ದೆ.

ಸ್ವಲ್ಪ ಸುಸ್ತು, ಸ್ವಲ್ಪ ಬೇಜಾರು ಅನ್ನಲು ‘ಯೋವ್ ತ್ಯಾರ್’ ಸೇರಿಸಬೇಕು: ವೋ ಯೋವ್ ತ್ಯಾರ್ ಲೇಯ್. ಇದು ಸಾಮಾನ್ಯವಾಗಿ ಬೇಡದ ಸಂಗತಿಗಳಿಗೆ ಮಾತ್ರ. ಸ್ವಲ್ಪ ಖುಷಿ ಅನ್ನಲು ಬಳಸಿದರೆ ನಗುತ್ತಾರೆ.

ಉಚ್ಚಾರಣೆಯಲ್ಲೂ ಕನ್ನಡ ಶಾಲೆಯೇ ನನ್ನ ಕೈ ಹಿಡಿದದ್ದು. ಅಲ್ಪಪ್ರಾಣ, ಮಹಾಪ್ರಾಣ ತಪ್ಪಿದರೆ ಮೇಷ್ಟ್ರು ಕಿವಿ ಹಿಂಡುತ್ತಿದ್ದದ್ದು ನೆನಪಿದೆಯಾ? ಇಲ್ಲಿ ಅದೇ ಮುಖ್ಯ. ‘ವೋ ಪಾವ್ ಲ’ ಅಂದರೆ ಹೊಟ್ಟೆ ತುಂಬಿತು. ‘ವೋ ಫಾವ್ ಲ’ ಎಂದು ಉಸಿರು ಬಿಟ್ಟು ಹೇಳಿದರೆ (ಕನ್ನಡದ ‘ಫಲ’ದ ಫ) ನಾನು ಓಡಿದೆ. ಊಟಕ್ಕೆ ಕರೆದವರ ಮನೆಯಲ್ಲಿ ಈ ವ್ಯತ್ಯಾಸ ಗೊತ್ತಿರಬೇಕು.

ಇನ್ನು ಸ್ವರ. ಮಟ್ಟಸ, ಏರು, ತಗ್ಗಿ ಏರುವುದು, ಇಳಿಯುವುದು ಎಂದು ನಾಲ್ಕು. ‘ವನ್’ ಎಂಬುದನ್ನು ಜೋರಾಗಿ ಇಳಿಸಿ ಹೇಳಿದರೆ ‘ಕೇಳು’, ತಗ್ಗಿಸಿ ಹೇಳಿದರೆ ‘ಮುತ್ತಿಡು’. ‘ಸರ್, ನಿಮ್ಮನ್ನು ಒಂದು ಕೇಳಬೇಕಿತ್ತು’ ಎನ್ನಲು ಹೋಗಿ ನನ್ನ ಗೆಳತಿಯೊಬ್ಬಳು ಏನು ಹೇಳಿದಳೆಂದು ನೀವೇ ಊಹಿಸಿ. ಸಿಟ್ಟು ಬಂದಾಗ ನಾವು ದನಿ ಏರಿಸುತ್ತೇವೆ. ಅಲ್ಲಿ ಮನಸ್ಸಿಗೆ ಬಂದ ಹಾಗೆ ಏರಿಸಿದರೆ ಪದವೇ ಬೇರೆಯಾಗಬಹುದು. ಅದಕ್ಕೇ ಅವರು ವಾಕ್ಯದ ಕೊನೆಗೆ ‘ಪ’, ‘ಆ’, ‘ನ’ ಎಂಬ ಪುಟ್ಟ ಬಾಲಗಳನ್ನೂ ಸೇರಿಸುತ್ತಾರೆ. ನಮ್ಮ ಕಡೆ ‘ಮಾರಾಯ’, ‘ಮಾರಾಯ್ತಿ’ ಸೇರಿಸಿದ ಕೂಡಲೇ ಗದರಿಕೆಯೂ ಮೆತ್ತಗಾಗುವುದಿಲ್ಲವೇ, ಹಾಗೆ.

ಹೊರೆ ಇಳಿಸಿದ ಮನಸ್ಸು

ನನಗೆ ಅತ್ಯಂತ ಇಷ್ಟವಾದದ್ದು ‘ಶಿನ್’ ಎಂಬ ಪದ. ಹೃದಯ, ಮನಸ್ಸು ಎರಡೂ ಅದೇ. ಮನಸ್ಸು ತೆರೆದರೆ ಖಾಯ್‌ಶಿನ್, ಖುಷಿ. ಮನಸ್ಸಿಗೆ ಗಾಯವಾದರೆ ಶಾಂಗ್‌ಶಿನ್, ದುಃಖ. ಚಿಂತೆಗೆ ತಾನ್‌ಶಿನ್: ಮನಸ್ಸನ್ನು ಹೆಗಲ ಮೇಲೆ ಹೊತ್ತುಕೊಳ್ಳುವುದು. ಆ ‘ತಾನ್’ ಅಡ್ಡೆ ಹೊರುವಾಗ ಬಳಸುವ ಪದ. ನಿಶ್ಚಿಂತೆಗೆ ಫಾಂಗ್‌ಶಿನ್ (ಇಲ್ಲಿ ‘ಫೋನ್’ನ ಫ): ಹೊತ್ತದ್ದನ್ನು ಕೆಳಗಿಡುವುದು. ತಲೆಯ ಮೇಲಿನ ಸೊಪ್ಪಿನ ಹೊರೆ ಹಟ್ಟಿಯ ಮುಂದೆ ಇಳಿಸಿ ಅಪ್ಪ ‘ಹುಶ್’ ಎನ್ನುತ್ತಿದ್ದರಲ್ಲ, ಅದು ಫಾಂಗ್‌ಶಿನ್. ನಮ್ಮ ತುಳುವಿನಲ್ಲಿ ಚಿಂತೆಗೆ ‘ಮಂಡೆಬೆಚ್ಚ’. ನಮಗೆ ತಲೆ ಬಿಸಿಯಾಗುತ್ತದೆ, ಅವರಿಗೆ ಹೆಗಲು ಭಾರವಾಗುತ್ತದೆ.

ಬೇಜಾರಿಗೆ ‘ನಾನ್‌ಕುವೊ’. ನಾನ್ ಅಂದರೆ ಕಷ್ಟ, ಕುವೊ ಅಂದರೆ ದಾಟುವುದು. ಆಟಿ ತಿಂಗಳಲ್ಲಿ ತೋಡು ಉಕ್ಕಿ, ಮನೆ ಆಚೆ ದಡದಲ್ಲಿ ಕಾಣುತ್ತಿದ್ದರೂ ಹೋಗಲಾಗದೆ ನಿಂತ ಹಾಗೆ.

ಆದರೆ ಪದ ಬಿಡಿಸಿ ಅರ್ಥ ಮಾಡಿಕೊಳ್ಳುವ ಈ ಹುಚ್ಚು ಒಮ್ಮೆ ನನ್ನನ್ನು ಪೇಚಿಗೆ ಸಿಕ್ಕಿಸಿತು. ವಾರ್ಡಿನ ಕಲಿಕೆ ಶುರುವಾಗಿದ್ದ ದಿನಗಳು. ನ್ಯುಮೋನಿಯಾ ಆಗಿದ್ದ ಅಜ್ಜನ ಪಕ್ಕದಲ್ಲಿ ಅವರ ಹೆಂಡತಿ ಕೂತಿದ್ದರು. ನಾನು ಮಾತಾಡಿಸಿದಾಗ ಎದೆ ಮುಟ್ಟಿಕೊಂಡು “ವೋ ಶಿನ್‌ಥಂಗ್” ಅಂದರು. ‘ಥೊವ್‌ಥಂಗ್’ ತಲೆನೋವು ಅಂತ ಪುಸ್ತಕದಲ್ಲಿ ಓದಿದ್ದೆ. ಹಾಗಾದರೆ ಶಿನ್‌ಥಂಗ್? ಹೃದಯದ ನೋವು! ಓಡಿಹೋಗಿ ಸೀನಿಯರ್ ಡಾಕ್ಟರಿಗೆ ಹೇಳಿದೆ: ಅಜ್ಜಿಗೆ ಎದೆನೋವು, ಇಸಿಜಿ ಮಾಡಿಸಬೇಕು.

ಅವರು ಬಂದು ಅಜ್ಜಿಯ ಹತ್ತಿರ ಎರಡು ಮಾತಾಡಿ ನಕ್ಕುಬಿಟ್ಟರು. ಶಿನ್‌ಥಂಗ್ ಅಂದರೆ ನಮ್ಮವರ ಕಷ್ಟ ನೋಡಿ ನಮ್ಮ ಜೀವ ಹಿಂಡಿದಂತಾಗುವುದು. ಕನ್ನಡದಲ್ಲಿ ಕರುಳು ಚುರ್ ಅಂತು ಅನ್ನುತ್ತೇವಲ್ಲ, ಅದೇ. ಚೀನೀ ವಿದ್ಯಾರ್ಥಿಯೊಬ್ಬ ನಮ್ಮೂರ ಆಸ್ಪತ್ರೆಯಲ್ಲಿದ್ದಿದ್ದರೆ ಕರುಳು ಚುರ್ ಅಂದವರನ್ನು ಸ್ಕ್ಯಾನಿಂಗಿಗೆ ಕಳಿಸುತ್ತಿದ್ದ. ಹೊಟ್ಟೆಕಿಚ್ಚು ಅಂದರೆ ಅಸಿಡಿಟಿ ಮಾತ್ರೆ ಬರೆಯುತ್ತಿದ್ದ. (ಅವರಲ್ಲಿ ಪ್ರೇಮದ ಹೊಟ್ಟೆಕಿಚ್ಚಿಗೆ ‘ವಿನೆಗರ್ ತಿನ್ನುವುದು’ ಅನ್ನುತ್ತಾರೆ!)

“ಹೋಗಿ ಅವರಿಗೆ ‘ನಿನ್ ಶಿನ್‌ಖು ಲ’ ಅಂತ ಹೇಳು,” ಅಂದರು ಸೀನಿಯರ್. ನೀವು ತುಂಬಾ ಕಷ್ಟಪಟ್ಟಿದ್ದೀರಿ ಎಂದರ್ಥ. ಕೆಲಸ ಮಾಡಿ ದಣಿದವರಿಗೆ, ರೋಗಿಯನ್ನು ನೋಡಿಕೊಳ್ಳುವವರಿಗೆ, ದೂರದಿಂದ ಬಂದವರಿಗೆ ಹೇಳುವ ಮಾತು. ಹೇಳಿದೆ. ಅಜ್ಜಿ ನನ್ನ ಕೈ ಹಿಡಿದು ಕೇಳಿದರು, “ಛ ಲ ಮಾ?” ಊಟ ಆಯ್ತಾ? ಆಮೇಲೆ, “ಶಿಯಾಂಗ್ ಚಿಯಾ ಮಾ?” ಮನೆ ನೆನಪಾಗುತ್ತಾ?

‘ಶಿಯಾಂಗ್’ ಅಂದರೆ ಯೋಚಿಸು, ಬೇಕೆನಿಸು, ನೆನಪಾಗು. ‘ಮಿಸ್ ಮಾಡ್ಕೊಳ್ತೇನೆ’ ಎಂಬುದು ಬರುವ ಮೊದಲು ನಮಗೂ ‘ನೆನಪಾಗ್ತದೆ’ ಅಷ್ಟೇ ಇತ್ತು. ಅಜ್ಜಿಗೆ ನಾನು “ಮೇಯ್‌ಶ” ಅಂದೆ. ಏನಿಲ್ಲ, ಪರವಾಗಿಲ್ಲ. ಅವರು ನಂಬಲಿಲ್ಲ. ಒಂದು ಕಿತ್ತಳೆ ಹಣ್ಣು ಕೈಗಿಟ್ಟರು.

ಹೇಳದೇ ಉಳಿದದ್ದು

ಆ ಅಜ್ಜಿಯ ‘ಛ ಲ ಮಾ’ ನನಗೆ ಬಹಳ ದಿನ ಕಾಡಿತು. ಏಕೆಂದರೆ ಅಪ್ಪನ ಫೋನೂ ಹಾಗೆಯೇ ಇರುತ್ತಿತ್ತು. “ವಣಸ್ ಆಂಡಾ? ಅಲ್ಲಿ ಚಳಿ ಹೇಗೆ? ಸರಿ, ಇಡ್ತೇನೆ.” ಎರಡು ನಿಮಿಷ. ಗೆಳತಿಯರ ಅಪ್ಪಂದಿರು ವೀಡಿಯೊ ಕಾಲ್‌ನಲ್ಲಿ ಗಂಟೆಗಟ್ಟಲೆ ಹರಟುವಾಗ ನನಗೆ ಒಳಗೊಳಗೇ ಉರಿಯುತ್ತಿತ್ತು.

2016ರಲ್ಲಿ ನಮ್ಮ ಅಜ್ಜಿ, ಅಪ್ಪನ ಅಮ್ಮ, ತೀರಿಕೊಂಡರು. ನನಗೆ ಆಗ ಪರೀಕ್ಷೆ. ಮನೆಯಲ್ಲಿ ಯಾರೂ ಹೇಳಲಿಲ್ಲ. ಬೊಜ್ಜವೂ ಮುಗಿದ ಮೇಲೆ ಅಮ್ಮ ಫೋನಿನಲ್ಲಿ ತಿಳಿಸಿದರು. ಆ ಹನ್ನೆರಡು ದಿನಗಳಲ್ಲಿ ಅಪ್ಪ ಮೂರು ಸಲ ಫೋನ್ ಮಾಡಿದ್ದರು, ಮೂರು ಸಲವೂ ‘ವಣಸ್ ಆಂಡಾ’ ಎಂದಷ್ಟೇ ಕೇಳಿದ್ದರು. ನನಗೆ ದುಃಖಕ್ಕಿಂತ ಸಿಟ್ಟು ಜಾಸ್ತಿಯಾಯಿತು. ಆದರೆ ಅದನ್ನು ಅಪ್ಪನಿಗೆ ಹೇಳಲು ತುಳುವಿನಲ್ಲೂ ಬಾಯಿ ಬರಲಿಲ್ಲ, ಕನ್ನಡದಲ್ಲೂ ಬರಲಿಲ್ಲ.

ಮರುವಾರ ಭಾಷಾ ತರಗತಿಯಲ್ಲಿ ಅಭ್ಯಾಸ: ಶಂಗ್‌ಛಿ, ನಾನ್‌ಕುವೊ ಬಳಸಿ ಸ್ವಂತ ವಾಕ್ಯ ಮಾಡಿ. ನನ್ನ ಸರದಿ ಬಂದಾಗ ಎದ್ದು ನಿಂತು ಹೇಳಿಬಿಟ್ಟೆ. ‘ನನ್ನ ಅಜ್ಜಿ ತೀರಿಹೋದರು. ಮನೆಯವರು ನನಗೆ ಹೇಳಲಿಲ್ಲ. ನನಗೆ ಸಿಟ್ಟು ಬಂತು. ನನಗೆ ತುಂಬಾ ಬೇಜಾರಾಗಿದೆ.’ ನಾಲ್ಕೇ ವಾಕ್ಯ, ಒಂದನೇ ಕ್ಲಾಸಿನ ಮಕ್ಕಳ ವ್ಯಾಕರಣ. ಸ್ವಂತ ಭಾಷೆಯಲ್ಲಿ ಎತ್ತಲಾಗದ ಪದಗಳು ಪರಭಾಷೆಯಲ್ಲಿ ಹಗುರವಾಗಿ ಬಂದವು.

ಟೀಚರ್ ವ್ಯಾಕರಣ ತಿದ್ದಲಿಲ್ಲ. ಬೋರ್ಡಿನ ಮೇಲೆ ಐದು ಅಕ್ಷರ ಬರೆದರು: ಪಾವ್ ಶಿ ಪು ಪಾವ್ ಯೋವ್. ‘ಸಿಹಿಸುದ್ದಿ ತಿಳಿಸು, ಚಿಂತೆಯ ಸುದ್ದಿ ತಿಳಿಸಬೇಡ’ ಎಂಬ ಅವರ ಹಳೆಯ ನುಡಿಗಟ್ಟು. ಊರು ಬಿಟ್ಟು ಓದುವ, ದುಡಿಯುವ ಮಕ್ಕಳು ತಾಯಿ-ತಂದೆಗೆ ಮಾಡುವುದೂ ಇದನ್ನೇ ಎಂದರು. ನಾನು ಫೋನಿನಲ್ಲಿ ಹೇಳುತ್ತಿದ್ದ ‘ಎಲ್ಲ ಚೆಂದ ಇದೆ ಅಪ್ಪಾ’ ನೆನಪಾಯಿತು. ಜ್ವರ ಬಂದು ಮಲಗಿದ್ದಾಗಲೂ ಹಾಗೆಯೇ ಹೇಳಿದ್ದೆ. ಅಪ್ಪ ಮಾಡಿದ್ದನ್ನು ನಾನೂ ಮಾಡುತ್ತಿದ್ದೆ.

ಹಾಗಾಗಿ ಈಗ ಯಾವುದೇ ಹೊಸ ಭಾಷೆ ಕಲಿಯುವವರಿಗೆ, ಕೆಲಸಕ್ಕಾಗಿ ಬೇರೆ ದೇಶಕ್ಕೆ ಹೋಗುವವರಿಗೆ ನಾನು ಎರಡು ಮಾತು ಹೇಳುತ್ತೇನೆ. ಭಾವನೆಯ ಪದಗಳನ್ನು 3ನೇ ಹಂತದವರೆಗೆ ಕಾಯಿಸಬೇಡಿ. ಮೊದಲ ವಾರವೇ ಸುಸ್ತು, ಬೇಜಾರು, ಹೆದರಿಕೆ, ಮನೆ ನೆನಪು ಈ ನಾಲ್ಕು ಕಲಿಯಿರಿ. ಜತೆಗೆ, ಆ ಊರಿನವರು ಭಾವನೆಯ ಪದವೇ ಇಲ್ಲದೆ ಭಾವನೆ ಹೇಳುವುದು ಹೇಗೆ ಎಂದು ಗಮನಿಸಿ. ಊಟ ಆಯ್ತಾ, ಚಳಿ ಇದೆಯಾ, ಮುಟ್ಟಿದ ಮೇಲೆ ಫೋನ್ ಮಾಡು. ಇವು ಶಬ್ದಕೋಶದಲ್ಲಿ ಚಿಂತೆ, ಪ್ರೀತಿ ಎಂಬ ಪದಗಳ ಎದುರು ಸಿಗುವುದಿಲ್ಲ.

ಜಗಲಿಯಲ್ಲಿ

ಹುಡುಗನಿಗೆ ‘ನಾನ್‌ಕುವೊ’ ಹೇಳಿಕೊಟ್ಟೆ. “ಒಂದು ಉದಾಹರಣೆ ಕೊಡಿ ಅಕ್ಕಾ,” ಅಂದ. ಯೋಚನೆ ಮಾಡದೆ ಆ ಹಳೆಯ ನಾಲ್ಕು ವಾಕ್ಯ ಬಾಯಿಗೆ ಬಂತು. ಅವನಿಗೆ ಅರ್ಥವಾಗಲಿ ಎಂದು ಕನ್ನಡದಲ್ಲೂ ಹೇಳಿದೆ. ಹೇಳಿ ಮುಗಿಸಿದ ಮೇಲೆ ಗೊತ್ತಾಯಿತು, ಅಡಿಕೆ ಸುಲಿಯುವ ಸದ್ದು ನಿಂತಿದೆ.

“ನಿನಗೆ ಪರೀಕ್ಷೆ ಇತ್ತು,” ಅಂದರು ಅಪ್ಪ.

“ಗೊತ್ತು ಅಪ್ಪ.”

ಸ್ವಲ್ಪ ಹೊತ್ತಾದ ಮೇಲೆ, ಅಡಿಕೆಯನ್ನೇ ನೋಡುತ್ತಾ, “ಹೇಳದೆ ಇರ್ಲಿಕ್ಕೆ ನಂಗೂ ಕಷ್ಟ ಆಗಿತ್ತು ಮಗಾ. ಮೂರು ಸಲ ಫೋನ್ ಮಾಡಿದ್ದು ಹೇಳುವಾ ಅಂತಲೇ,” ಅಂದರು.

ಏನು ಹೇಳಬೇಕೆಂದು ನನಗೆ ತಿಳಿಯಲಿಲ್ಲ. ಹುಡುಗ ಪೆನ್ ಹಿಡಿದು ಒಮ್ಮೆ ಅವರ ಮುಖ, ಒಮ್ಮೆ ನನ್ನ ಮುಖ ನೋಡಿದ. ಪಾಪ, ಅವನಿಗೆ ಪಾಠದ್ದೇ ಚಿಂತೆ.

“ಅಕ್ಕಾ, ಮಾಮ ಹೇಳಿದ್ರಲ್ಲಾ, ಕಷ್ಟ ಆಗಿತ್ತು ಅಂತ. ಅದಕ್ಕೂ ನಾನ್‌ಕುವೊನೇ ಬರೀಬೇಕಾ?”

“ಹೌದು, ಅದನ್ನೇ ಬರಿ,” ಅಂದೆ.

ಮರುದಿನ ಬೆಳಿಗ್ಗೆ ನನಗೆ ಮಂಗಳೂರಿನಲ್ಲಿ ಡ್ಯೂಟಿ. ಬೆಂಗಳೂರಿನ ದಾರಿಯಿಂದ ಪುತ್ತೂರು, ಮೈಸೂರಿನ ದಾರಿ ಕವಲೊಡೆಯುವ ನಮ್ಮ ಮಾಣಿ ಜಂಕ್ಷನ್ನಿಗೆ ಅಪ್ಪ ಬೈಕಿನಲ್ಲಿ ಬಿಟ್ಟರು. ಬಸ್ ಹತ್ತುವಾಗ ಎಂದಿನದೇ ಮಾತು: “ಎತ್ತಿನ ಬೊಕ್ಕ ಫೋನ್ ಮಲ್ಪು.”

ಮುಟ್ಟಿದ ಮೇಲೆ ಫೋನ್ ಮಾಡಿದೆ. ಆ ದಿನ ಎರಡು ನಿಮಿಷದ ಬದಲು ಹನ್ನೊಂದು ನಿಮಿಷ ಮಾತಾಡಿದೆವು. ಹೆಚ್ಚು ಹೊತ್ತು ಅಜ್ಜಿಯ ಬಗ್ಗೆಯೇ.